ಬೆಟ್ಟ ಕಂಡರೆ ತಲೆಸುತ್ತು

ನೀರು ಕುಡಿಯಲು ಎದ್ದು ಹೋದದ್ದೇ ತಪ್ಪಾಯಿತು. ಮಳೆಮಾಪನ ಕಚೇರಿಯ ಗುಮಾಸ್ತ ಬಾಟಲಿ ತುಂಬಿಸಿಕೊಂಡು ಬರುವಷ್ಟರಲ್ಲಿ ಅವನ ಕಂಪ್ಯೂಟರಿನ ಮುಂದೆ ಮೂರು ತಲೆಗಳು ಸೇರಿದ್ದವು: ಹೆಡ್ ಕ್ಲಾರ್ಕು, ಸ್ಟೋರ್ ಕೀಪರ್ ಮತ್ತು ಟೈಪಿಸ್ಟ್ ಅಕ್ಕ. ತೆರೆಯ ಮೇಲೆ ಅವನು ಮುಚ್ಚದೆ ಬಿಟ್ಟುಹೋದ ನಕ್ಷೆ. ಒಂದು ಬೆಟ್ಟ, ಒಂದು ತೊರೆ, ತೊರೆಯ ತಿರುವಿನಲ್ಲಿ ಕೆಂಪು ಹೆಂಚಿನ ಒಂದು ಮನೆ.

ಅದು ಯಾರ ಕಣ್ಣಿಗೂ ಬೀಳಬಾರದಿತ್ತು. ದೂರದ ಆರು ಮಳೆಮಾಪನ ಕೇಂದ್ರಗಳಿಗೆ ಕಚೇರಿಯಿಂದ ಒಬ್ಬೊಬ್ಬರನ್ನು ಕಳಿಸುವ ಆದೇಶ ಬಂದಿತ್ತು. ಹೋಗುವ ಮನಸ್ಸಿದ್ದವರು ಬೇಕಾದ ಊರು ಬರೆದು ಇವತ್ತು ನಾಲ್ಕು ಗಂಟೆಯೊಳಗೆ ಚೀಟಿ ಕೊಡಬೇಕು. ಒಂದೇ ಊರನ್ನು ಇಬ್ಬರು ಕೇಳಿದರೆ ಅದು ಸೀನಿಯರ್‌ಗೆ. ಇವನು ಸೇರಿ ಹನ್ನೆರಡು ವರ್ಷವಾಗಿದ್ದರೂ ಇವನ ನಂತರ ಯಾರನ್ನೂ ತೆಗೆದುಕೊಂಡಿರಲಿಲ್ಲವಾದ್ದರಿಂದ, ಕಚೇರಿಗೆಲ್ಲ ಇವನೇ ಜೂನಿಯರ್.

ಆ ಹನ್ನೆರಡು ವರ್ಷವೂ ಅವನು ಎಲ್ಲೋ ಸುರಿದ ಮಳೆಯನ್ನು ಕೋಷ್ಟಕಕ್ಕೆ ತುಂಬುತ್ತ, ಕಿಟಕಿಯಿಂದ ಎದುರು ಕಟ್ಟಡದ ಪೈಪು ನೋಡುತ್ತ ಕಳೆದಿದ್ದ. ಈಗ ಮೂರು ತಿಂಗಳಿಂದ ಮಾತ್ರ ಅವನ ಬದುಕೆಲ್ಲ ನಕ್ಷೆಯಲ್ಲೇ. ಆರು ಊರುಗಳಲ್ಲಿ ಐದು ಬೆಟ್ಟದ ಬುಡದವು. ಐದನ್ನೂ ಹಿಗ್ಗಿಸಿ, ಕುಗ್ಗಿಸಿ, ಓರೆಯಾಗಿಸಿ ನೋಡಿದ್ದ. ಒಂದರಲ್ಲಿ ಮಧ್ಯಾಹ್ನದವರೆಗೆ ಬಿಸಿಲೇ ಬೀಳುವುದಿಲ್ಲ. ಇನ್ನೊಂದರ ದಾರಿಯಲ್ಲಿ ಮೂವತ್ತೆರಡು ತಿರುವು, ಹೆಂಡತಿಗೆ ನಾಲ್ಕನೆಯದಕ್ಕೇ ವಾಂತಿ ಶುರುವಾಗುತ್ತದೆ. ಕೊನೆಗೆ ಮನಸ್ಸಿಗೆ ಬಂದದ್ದು ಈ ಕೆಂಪು ಹೆಂಚಿನ ಕ್ವಾರ್ಟರ್ಸು. ಬಾಗಿಲಿನಿಂದ ತೊರೆಗೆ ನಲವತ್ತು ಮೀಟರೆಂದು ಅಳೆದಾಗಿತ್ತು. ಅಂಗಳದ ಫೋಟೋದಲ್ಲಿ ಕಾಣುವ ನೀಲಿ ಬಕೆಟ್ಟನ್ನು ಯಾರಾದರೂ ಒಳಗಿಟ್ಟರೋ ಇಲ್ಲವೋ ಎಂದು ಚಿಂತೆಯನ್ನೂ ಮಾಡಿದ್ದ.

"ಎಷ್ಟ್ ಚೆನ್ನಾಗಿದೆ ಕಣಯ್ಯ ಈ ಜಾಗ!" ಎಂದ ಹೆಡ್ ಕ್ಲಾರ್ಕಿಗೆ ಇಪ್ಪತ್ತೊಂಬತ್ತು ವರ್ಷದ ಸರ್ವೀಸು. "ಇಲ್ಲಿಗೆ ಬರೀತಿದ್ದೀಯಾ?"

"ಛೆ ಛೆ! ಕೈ ಜಾರಿ ಬಂದಿದ್ದು ಸರ್," ಎಂದು ಗುಮಾಸ್ತ ಹಾರಿ ಬಂದು ಮೌಸ್ ಎಳೆದ. ಬೆಟ್ಟ, ತೊರೆ, ಮನೆ ಎಲ್ಲ ಸರ್ರನೆ ಪಕ್ಕಕ್ಕೆ ಹೋಗಿ ಆರನೆಯ ಊರು ಬಂದು ನಿಂತಿತು. ಉಪ್ಪಿನ ಬಯಲು. ಸುತ್ತ ಎಲ್ಲೂ ಒಂದು ದಿಬ್ಬವಿಲ್ಲ. "ನನಗೆ ಬೇಕಾಗಿರೋದು ಇದು."

"ಇದ್ರಲ್ಲೇನಿದೆಯೋ?" ಎಂದಳು ಟೈಪಿಸ್ಟ್ ಅಕ್ಕ.

"ಆಕಾಶ ಇದೆ ಅಕ್ಕ. ಪೂರ್ತಿ ಆಕಾಶ. ಬೆಟ್ಟಗಿಟ್ಟ ಅಡ್ಡ ಬರಲ್ಲ." ಮೂವರ ಮುಖದಲ್ಲೂ ಅನುಮಾನ ಕಂಡು ಅವನು ಇನ್ನೊಂದು ಹೆಜ್ಜೆ ಮುಂದೆ ಹೋದ. "ನಿಜ ಹೇಳ್ಬೇಕಂದ್ರೆ, ನನಗೆ ಬೆಟ್ಟ ಕಂಡ್ರೆ ತಲೆ ಸುತ್ತುತ್ತೆ."

ಅಷ್ಟು ಸಾಕಾಯಿತು. ಆ ಕಚೇರಿಯಲ್ಲಿ ಫೈಲು ಮೇಜಿನಿಂದ ಮೇಜಿಗೆ ಹೋಗಲು ವಾರ ಬೇಕು, ಕಾಯಿಲೆಯ ಸುದ್ದಿಗೆ ನಿಮಿಷ ಸಾಕು. ಸ್ಟೋರ್ ಕೀಪರ್ ತನ್ನ ಷಡ್ಡಕ ಆ ಬಯಲಿನಲ್ಲೇ ಇರುವುದಾಗಿ ಹೇಳಿ ಅಲ್ಲೇ ಫೋನ್ ಹಚ್ಚಿದ. "ತಗೊಳ್ಳಿ, ಮಾತಾಡಿ" ಎಂದು ಕೊಟ್ಟ. ಗುರುತುಪರಿಚಯವಿಲ್ಲದ ಆ ಷಡ್ಡಕ, ಬಂದ ದಿನ ಊಟಕ್ಕೆ ತನ್ನ ಮನೆಗೇ ಬರಬೇಕೆಂದು ಗುಮಾಸ್ತನಿಂದ ಮಾತು ತೆಗೆದುಕೊಂಡ.

ಹನ್ನೆರಡಕ್ಕೆ ಹೆಂಡತಿಯ ಫೋನು. "ರೀ, ನಿಮಗೆ ಬೆಟ್ಟ ಕಂಡ್ರೆ ತಲೆ ಸುತ್ತುತ್ತಂತೆ? ಟೈಪಿಸ್ಟ್ ಅಕ್ಕ ಹೇಳಿದ್ರು. ಮತ್ತೆ ಮೂರು ತಿಂಗಳಿಂದ ಆ ಬೆಟ್ಟ ತೋರ್ಸಿ ತೋರ್ಸಿ ನನ್ನ ಪ್ರಾಣ ತಿಂದಿದ್ದೇನು?"

ಗುಮಾಸ್ತ ಸ್ಟೋರ್ ರೂಮಿಗೆ ಓಡಿ ಪಿಸುಗುಟ್ಟಿದ. "ಸುಳ್ಳು ಹೇಳಿದ್ದು ಕಣೇ."

"ನನಗೋ, ಅವರಿಗೋ?"

ಉತ್ತರ ಕೊಡುವುದರೊಳಗೆ ಸ್ಟೋರ್ ಕೀಪರ್ ಒಳಗೆ ಬಂದ. ಅವನ ಕೈಯಲ್ಲೊಂದು ಗೋಡೆ ಕ್ಯಾಲೆಂಡರು, ಅದರಲ್ಲಿ ಹಿಮ ಹೊದ್ದ ದೊಡ್ಡ ಬೆಟ್ಟ. "ಚಿತ್ರ ನೋಡಿದ್ರೂ ಸುತ್ತುತ್ತಾ?" ಎಂದು ಮುಖಕ್ಕೇ ಹಿಡಿದ.

ಈಗ ಸುತ್ತದಿದ್ದರೆ ಗುಟ್ಟು ರಟ್ಟಾಗುತ್ತದೆ. ಗುಮಾಸ್ತ ಕಣ್ಣು ಮೇಲೆ ಮಾಡಿ ತೂರಾಡಿದ. ಸ್ವಲ್ಪ ಜಾಸ್ತಿಯೇ ತೂರಾಡಿದನೆಂದು ಕಾಣುತ್ತದೆ, ಮಳೆಮಾಪಕಗಳ ಅಟ್ಟಿ ದಢದಢನೆ ಮೈಮೇಲೆ ಬಿತ್ತು. ಎಲ್ಲರೂ ಸೇರಿ ಅವನನ್ನು ಹೊತ್ತು ತಂದು ಎರಡು ಬೆಂಚು ಜೋಡಿಸಿ ಮಲಗಿಸಿದರು. ಹಣೆಗೆ ಒದ್ದೆ ಬಟ್ಟೆ ಬಂತು. ಏಳಲು ಹೋದಾಗಲೆಲ್ಲ ಹೆಡ್ ಕ್ಲಾರ್ಕು "ಮಲ್ಕೋ, ಮಲ್ಕೋ" ಎಂದು ಎದೆಯ ಮೇಲೆ ಕೈಯಿಟ್ಟು ಒತ್ತುತ್ತಿದ್ದ. ಹೀಗೇ ಮಧ್ಯಾಹ್ನವೆಲ್ಲ ಕಳೆದು ಗಡಿಯಾರ ಮೂರೂ ಮುಕ್ಕಾಲು ತೋರಿಸಿತು.

"ಸರ್, ನನ್ನ ಚೀಟಿ!" ಎಂದು ಗುಮಾಸ್ತ ಕೂಗಿದ.

"ನಾನೇ ಬರೆದುಕೊಡ್ತೀನಿ ಬಿಡು," ಎಂದಳು ಟೈಪಿಸ್ಟ್ ಅಕ್ಕ.

"ಬೇಡಾ!" ಅವನು ಅವಳ ಕೈಯಿಂದ ಕಾಗದ ಕಿತ್ತುಕೊಂಡು, ಗೋಡೆಯ ಕಡೆ ತಿರುಗಿ, ಬೆಟ್ಟದೂರಿನ ಹೆಸರು ಬರೆದ. ನಾಲ್ಕು ಮಡಿಕೆ ಮಡಚಿ ಚೀಟಿ ಪೆಟ್ಟಿಗೆಗೆ ಹಾಕಿ ಬಂದು ಮತ್ತೆ ಮಲಗಿದ. ಜೀವ ತಣ್ಣಗಾಯಿತು. ಇನ್ನು ಯಾರು ಏನೆಂದರೂ ಚಿಂತೆಯಿಲ್ಲ.

ಐದು ಗಂಟೆಗೆ ಪಟ್ಟಿ ಹಚ್ಚಿದರು. ಗುಮಾಸ್ತ ಬೋರ್ಡಿನ ಮುಂದೆ ನಿಂತು ಎರಡು ಸಲ ಓದಿದ. ಅವನ ಹೆಸರಿನ ಎದುರಿಗಿದ್ದದ್ದು ಉಪ್ಪಿನ ಬಯಲು. ಈ ಸಲ ನಿಜವಾಗಿಯೂ ತಲೆ ಸುತ್ತಿತು.

"ಸರ್, ಇದೇನಿದು!"

"ಗಾಬರಿಯಾಗ್ಬೇಡ, ಎಲ್ಲಾ ಸರಿಹೋಗಿದೆ," ಎಂದು ಹೆಡ್ ಕ್ಲಾರ್ಕು ಬೆನ್ನು ತಟ್ಟಿದ. "ತಲೆಸುತ್ತಿನ ಭರದಲ್ಲಿ ನೀನು ಬೆಟ್ಟದೂರೇ ಬರೆದ್ಬಿಟ್ಟಿದ್ದೆ ಕಣಯ್ಯ! ಮಳೆ ಲೆಕ್ಕದಲ್ಲಿ ಅಂಕಿ ಎಡವಟ್ಟಾದ್ರೆ ನಾನು ಸುಮ್ನಿರ್ತೀನಾ? ಕೆಂಪು ಪೆನ್ನಲ್ಲಿ ತಿದ್ದಿ, ಸಾಹೇಬರ ಸಹೀನೂ ಹಾಕಿಸ್ದೆ. ಇನ್ನು ಬ್ರಹ್ಮ ಬಂದ್ರೂ ಬದಲಾಯ್ಸಕ್ಕಾಗಲ್ಲ."

"ಮತ್ತೆ... ಆ ಬೆಟ್ಟದೂರು ಯಾರಿಗೆ ಸಿಕ್ತು ಸರ್? ನಿಮಗಾ?"

"ನನಗಾ! ಈ ಮಂಡಿ ಇಟ್ಕೊಂಡು ಬೆಟ್ಟದ ಸಹವಾಸವೇ?" ಹೆಡ್ ಕ್ಲಾರ್ಕು ಗಹಗಹಿಸಿ ನಕ್ಕ. "ಅದನ್ನ ಒಬ್ಬನೇ ಒಬ್ಬನೂ ಕೇಳಿರ್ಲಿಲ್ಲ ಕಣಯ್ಯ. ಮಳೆ ಅಳೆಯೋಕೆ ಅಲ್ಲಿ ಮಷೀನು ಕೂರಿಸ್ತಾರಂತೆ."