ಪೆಟ್ಟಿಗೆಯೊಳಗಿನ ಲಗ್ನಪತ್ರಿಕೆ

ಮನೆಗೆ ತಂದ ಯಾವ ವಸ್ತುವಿಗೂ ಮೂರು ಬೆಲೆಗಳಿರುತ್ತವೆ ಎಂಬುದು ನನ್ನ ಸಂಸಾರದ ಅನುಭವ. ಅಂಗಡಿಯವನು ಹೇಳಿದ್ದು ಒಂದು, ನಾನು ಕೊಟ್ಟದ್ದು ಒಂದು, ಹೆಂಡತಿಗೆ ಹೇಳಿದ್ದು ಇನ್ನೊಂದು. ಮೊದಲ ಎರಡರ ನಡುವಿನ ಅಂತರಕ್ಕೆ ಚೌಕಾಸಿ ಎನ್ನುತ್ತಾರೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಇರುವ ಅಂತರವನ್ನು ನಾನು ಮನೆಯ ಶಾಂತಿ ಎಂದು ಕರೆಯುತ್ತಿದ್ದೆ. ಇನ್ನೂರರ ಚಪ್ಪಲಿ ನೂರಿಪ್ಪತ್ತಾಗಿ, ನಾನೂರರ ಪುಸ್ತಕ 'ಹಳೇದು, ಪುಕ್ಕಟೆ ಕೊಟ್ಟರು' ಎಂದಾಗಿ, ಒಟ್ಟಿನಲ್ಲಿ ನಮ್ಮ ಹೊಸ್ತಿಲು ದಾಟುವಾಗ ಎಲ್ಲ ಸಾಮಾನೂ ಒಂದಿಷ್ಟು ಅಗ್ಗವಾಗುತ್ತಿತ್ತು. ವರ್ಷಗಟ್ಟಲೆ ಸುಗಮವಾಗಿ ನಡೆದಿದ್ದ ಈ ಪದ್ಧತಿಯನ್ನು ಕೆಡಿಸಿದವನು ಸೋಲಾಪುರದ ಒಬ್ಬ ಮೋಸಗಾರ. ಅದೂ ಹೇಗೆ, ನನ್ನ ದುಡ್ಡನ್ನು ಒಂದು ಪೈಸೆ ಬಿಡದೆ ವಾಪಸ್ಸು ಕೊಟ್ಟು.

ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಎರಡು ಸಾವಿರದ ಆರೋ ಏಳೋ ಇರಬೇಕು, ಒಂಬತ್ತನೆಯ ತರಗತಿಯ ಮಕ್ಕಳನ್ನು ಕಿತ್ತೂರಿನ ಕೋಟೆಗೆ ಕರೆದುಕೊಂಡು ಹೋಗಿದ್ದೆವು. ಬಿದ್ದ ಗೋಡೆಗಳ ನಡುವೆ ನಿಂತು ನಾನು ಗಂಟಲು ಹರಿಯುವಂತೆ ಪಾಠ ಹೇಳುತ್ತಿದ್ದೆ. ಆಗ ನಮ್ಮ ಗಣಿತದ ಮಾಸ್ತರರು ಜೇಬಿನಿಂದ ಸಾಬೂನಿನಷ್ಟು ದಪ್ಪದ ಒಂದು ಡಿಜಿಟಲ್ ಕ್ಯಾಮರಾ ತೆಗೆದು ಒಂದು ಫೋಟೋ ಹೊಡೆದು, ಅದರ ಬೆನ್ನನ್ನು ಮಕ್ಕಳ ಕಡೆ ತಿರುಗಿಸಿದರು. ತೆಗೆದ ಚಿತ್ರ ಅಲ್ಲೇ ಕಾಣುತ್ತಿತ್ತು. ರೀಲು ತೊಳೆಸಬೇಕಿಲ್ಲ, ವಾರ ಕಾಯಬೇಕಿಲ್ಲ. ಇಡೀ ತರಗತಿ ಕೋಟೆಯನ್ನು ಬಿಟ್ಟು ಕೋಟೆಯ ಚಿತ್ರ ನೋಡಲು ಓಡಿತು. ಓಡಿದವರಲ್ಲಿ ನಾನೂ ಇದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆ ದಿನದಿಂದ ನನಗೆ ಕ್ಯಾಮರಾದ ಹುಚ್ಚು ಹಿಡಿಯಿತು.

ಹುಚ್ಚಿಗೆ ದಾರಿ ತೋರಿಸಿದವನು ರಫೀಕ. ಅವನ ಎಸ್‌ಟಿಡಿ ಬೂತಿನಲ್ಲಿ ಫೋನುಗಳು ಹೋಗಿ ಮೂರು ಕಂಪ್ಯೂಟರುಗಳು ಬಂದಿದ್ದವು. "ಇಲ್ಲಿ ನೋಡ್ರಿ ಸರ್, ದೇಶದ ಮಂದಿ ಎಲ್ಲಾ ತಮ್ಮ ಸಾಮಾನ ತಂದು ಮಾರತಾರ. ಸಂತಿ ಇದ್ದಂಗ. ಆದ್ರ ಮಂದಿ ಕಾಣಂಗಿಲ್ಲ" ಎಂದು ಪರದೆ ತೋರಿಸಿದ. ಹತ್ತು ಸಾವಿರದ ಕ್ಯಾಮರಾ, ಬಳಸಿದ್ದು, ನಾಲ್ಕೂವರೆ ಸಾವಿರ. ಸಂತೆಯಲ್ಲಿ ಬದನೆಕಾಯಿಯನ್ನು ಉಗುರಿನಿಂದ ಒತ್ತಿ ನೋಡದೆ ಕೊಳ್ಳದ ನಾನು, ಮುಖ ಕಾಣದ ಮನುಷ್ಯನ ಬ್ಯಾಂಕ್ ಖಾತೆಗೆ ಮರುದಿನವೇ ನಾಲ್ಕೂವರೆ ಸಾವಿರ ತುಂಬಿ ಬಂದೆ. ಹಣ ಎಲ್ಲಿಂದ ಬಂತು ಎಂದರೆ, ಪರೀಕ್ಷೆಯ ಪೇಪರ್ ತಿದ್ದಿದ್ದಕ್ಕೆ ಬಂದ ಸಂಭಾವನೆ. ಅದು ಬಂದದ್ದು ನನ್ನ ಹೆಂಡತಿ ಗಿರಿಜಾಳಿಗೆ ಗೊತ್ತಿರಲಿಲ್ಲ. ಅವಳು ಎರಡು ವರ್ಷದಿಂದ ಒಂದು ಮಿಕ್ಸರ್ ಕೇಳುತ್ತಿದ್ದಳು. ನಾನು ಎರಡು ವರ್ಷದಿಂದ, ಕಲ್ಲಿನಲ್ಲಿ ಅರೆದ ಚಟ್ನಿಯ ರುಚಿ ಯಂತ್ರಕ್ಕೆ ಬಾರದು ಎಂದು ಉಪನ್ಯಾಸ ಕೊಡುತ್ತಿದ್ದೆ.

ಹತ್ತನೆಯ ದಿನ ಪಾರ್ಸೆಲ್ ಬಂತು. ಆಗ ಮುರಗೋಡದಿಂದ ನಮ್ಮ ಅತ್ತೆ, ಅಂದರೆ ಗಿರಿಜಾಳ ತಾಯಿ ಗಂಗವ್ವನವರು, ಕಣ್ಣಿನ ಪೊರೆ ತೆಗೆಸಿಕೊಂಡು ವಿಶ್ರಾಂತಿಗೆಂದು ನಮ್ಮಲ್ಲೇ ಇದ್ದರು. ನಾಲ್ಕನೆಯ ಇಯತ್ತೆ ಓದಿದವರು. ಹೊಸ ಚಾಳೀಸು ಬಂದದ್ದೇ ತಡ, ಔಷಧದ ಚೀಟಿ, ಬೆಂಕಿಪೊಟ್ಟಣ, ಕ್ಯಾಲೆಂಡರಿನ ಹಿಂಬದಿ, ಏನು ಸಿಕ್ಕರೂ ಬೆರಳಿಟ್ಟು ಓದುತ್ತಿದ್ದರು. ಗಿರಿಜಾ ಪೆಟ್ಟಿಗೆ ನೋಡಿ "ಎಷ್ಟು ಕೊಟ್ರಿ ಇದಕ್ಕ?" ಎಂದಳು. ಅಭ್ಯಾಸಬಲದಿಂದ "ಹದಿನೈದು ನೂರು" ಎಂದೆ. ಆಮೇಲೆ ಪೆಟ್ಟಿಗೆ ಬಿಚ್ಚಿದೆ. ಒಳಗೆ ಬಟ್ಟೆ ತೊಳೆಯುವ ಎರಡು ಸಾಬೂನು, ಅವು ಅಲುಗಾಡದಂತೆ ಸುತ್ತ ಮುದ್ದೆ ಮಾಡಿ ತುರುಕಿದ ಕಾಗದ. ಬೇರೇನೂ ಇಲ್ಲ.

ಗಿರಿಜಾ ಸಾಬೂನನ್ನು ಮೂಸಿ ನೋಡಿದಳು. "ಒಂದೊಂದಕ್ಕ ಏಳುನೂರೈವತ್ತು. ಇದರಾಗ ಬರೇ ಹೊಲಸು ಹೋಗತೈತೋ, ಅಂಗಿನೂ ಹೋಗತೈತೋ?" ಎಂದು ಒಳಗೆ ಒಯ್ದಳು. ಮರುದಿನ ಸಾಕ್ಷ್ಯದ ಅರ್ಧವನ್ನು, ಅಂದರೆ ಒಂದು ಸಾಬೂನನ್ನು, ನನ್ನದೇ ಅಂಗಿಗೆ ಉಜ್ಜಿದಳು. ನನ್ನ ಸಂಕಟ ಬೇರೆ. ನಾಲ್ಕೂವರೆ ಸಾವಿರದ ದುಃಖವನ್ನು ಹದಿನೈದು ನೂರಕ್ಕೆ ಇಳಿಸಿ ಪಡುವುದು ಎಷ್ಟು ಕಷ್ಟ ಎಂಬುದು ಪಟ್ಟವರಿಗೇ ಗೊತ್ತು. ಊಟ ಸೇರದಿದ್ದರೆ "ಹದಿನೈದು ನೂರಕ್ಕ ಇಷ್ಟ್ಯಾಕ?" ಎಂದು ಅವಳು ಕೇಳುತ್ತಾಳೆ. ಹೀಗಾಗಿ ಎರಡು ರೊಟ್ಟಿ ಹೆಚ್ಚೇ ತಿನ್ನುತ್ತಿದ್ದೆ.

ಹೊರಗೆ ಮಾತ್ರ ಹೋರಾಟ ಪೂರ್ತಿ ಮೊತ್ತಕ್ಕೇ ನಡೆಯಿತು. ರಫೀಕನ ಅಂಗಡಿಯಲ್ಲಿ ಕುಳಿತು ಆ ಕಾಣದ ಸಂತೆಯವರಿಗೆ ಇಂಗ್ಲಿಷಿನಲ್ಲಿ ಆರು ಪತ್ರ ಬರೆದೆ. ಆರಕ್ಕೂ ಒಂದೇ ನಿಮಿಷದಲ್ಲಿ ಒಂದೇ ಉತ್ತರ ಬಂತು, ನಿಮ್ಮ ಕಳವಳ ನಮಗೆ ಅಮೂಲ್ಯ ಎಂದು. ಪೆಟ್ಟಿಗೆಯ ಮೇಲಿದ್ದ ವಿಳಾಸ ಸುಳ್ಳು, ಫೋನು ಬಂದ್. ಬ್ಯಾಂಕಿನ ಚೀಟಿಯಲ್ಲಿದ್ದ ಹೆಸರೊಂದೇ ನನ್ನ ಕೈಯಲ್ಲಿದ್ದದ್ದು. ಠಾಣೆಗೆ ಹೋದರೆ ಅಲ್ಲಿನ ಸಾಹೇಬರು ಚಹಾ ತರಿಸಿಕೊಟ್ಟು, ನನ್ನ ಅರ್ಜಿಯನ್ನು ಎರಡು ಸಲ ಓದಿ, ನಿಜವಾದ ಕುತೂಹಲದಿಂದ ಕೇಳಿದರು: "ಮಾಸ್ತರ, ಈ ಬಜಾರ ಯಾವ ಠಾಣೆ ಹದ್ದಿನಾಗ ಬರತೈತ್ರಿ?" ಇತಿಹಾಸದ ಮಾಸ್ತರನಾಗಿ ಎಷ್ಟೋ ರಾಜ್ಯಗಳ ಗಡಿ ಬಾಯಿಪಾಠ ಹೇಳಿದ್ದೇನೆ. ಈ ಬಜಾರದ ಗಡಿ ಯಾವ ನಕಾಶೆಯಲ್ಲೂ ಇರಲಿಲ್ಲ.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅತ್ತೆ ಕರೆದರು. ಪಾರ್ಸೆಲ್ಲಿನ ಮುದ್ದೆ ಕಾಗದವನ್ನು ಮೊಣಕಾಲ ಮೇಲೆ ಹರವಿ, ಅಂಗೈಯಿಂದ ಸವರಿ ಸಪಾಟು ಮಾಡುತ್ತಿದ್ದರು. "ರೊಕ್ಕ ಇಸಗೊಂಡವನ ಹೆಸರೇನಂದ್ರಿ ಮಾಸ್ತರ?" ಎಂದರು. ಹೇಳಿದೆ. ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಇಲ್ಲೇ ಅದಾನ ನೋಡ್ರಿ. ಮದಮಗಳ ಅಣ್ಣ."

ಅದು ಲಗ್ನಪತ್ರಿಕೆ. ಐನೂರು ಹಂಚುವವರು ಸಾವಿರ ಅಚ್ಚು ಹಾಕಿಸುವುದು ನಮ್ಮ ಕಡೆಯ ರೂಢಿ. ಉಳಿದ ಕಟ್ಟು ವರ್ಷಗಟ್ಟಲೆ ಗೋಡೆಯ ಗೂಡಿನಲ್ಲಿ ಬಿದ್ದಿರುತ್ತದೆ, ಕಪಾಟಿನಲ್ಲಿ ಡಬ್ಬಿಗಳ ಕೆಳಗೆ ಹಾಸಲು ಬರುತ್ತದೆ. ಆ ಹುಡುಗ ಅದರಿಂದ ನಾಲ್ಕನ್ನು ಎಳೆದು ನನ್ನ ಸಾಬೂನಿಗೆ ಸುತ್ತಿದ್ದ. ಸೋಲಾಪುರದಲ್ಲಿ ನೆಲೆಸಿದ ನಮ್ಮ ಕಡೆಯ ಜನ. ಅಚ್ಚ ಕನ್ನಡದಲ್ಲಿ ಮನೆ, ಓಣಿ, ಮೂರು ತಲೆಮಾರಿನ ಹೆಸರು ಎಲ್ಲ ಇತ್ತು. ನಾನು ದಿನವೂ ನೋಡಿ ರದ್ದಿ ಎಂದು ಬಿಟ್ಟದ್ದು. "ತರ್ರಿ ಇಲ್ಲಿ, ಠಾಣೆಗೆ ಕೊಟ್ಟು ಬರತೇನಿ" ಎಂದು ಕೈಚಾಚಿದೆ. ಅತ್ತೆ ಕೊಡಲಿಲ್ಲ. "ಠಾಣೆ ಯಾಕ? ಮಂದಿ ಇರೂ ಮನಿ ಐತಿ" ಎಂದು ಹುಡುಗನನ್ನೂ ಅವನ ಅಪ್ಪನನ್ನೂ ದಾಟಿ ಬೆರಳನ್ನು ಕೆಳಗೆ, ಸೋದರಮಾವನ ಸಾಲಿಗೆ ಇಳಿಸಿದರು. "ಹುಡುಗನ ತಾಯಿ ತವರುಮನಿ ಮುನವಳ್ಳಿ. ಇವರ ಮನಿ ಸೊಸಿ ಚಚಡಿಯಾಕಿ. ಆಕಿ ದೊಡ್ಡವ್ವನ್ನ ನಮ್ಮ ಮುರಗೋಡಕ್ಕ ಕೊಟ್ಟಾರ. ಅವರ ಗ್ವಾಡಿ, ನಮ್ಮ ಗ್ವಾಡಿ ಒಂದ."

ರಫೀಕನ ಮೂರು ಕಂಪ್ಯೂಟರು ಮೂರು ವಾರ ಹುಡುಕಿದರೂ ಸಿಗದ ಮನುಷ್ಯ, ಒಂದು ಸುಕ್ಕುಗಟ್ಟಿದ ಕಾಗದ ಮತ್ತು ಒಂದು ಬೆರಳಿನಿಂದ ಐದು ನಿಮಿಷದಲ್ಲಿ ಅತ್ತೆಯ ಮನೆಯ ಗೋಡೆಗೆ ಬಂದು ಆತುಕೊಂಡಿದ್ದ.

ಭಾನುವಾರ ಮುನವಳ್ಳಿಗೆ ಹೊರಟೆವು. ನಾನು ಅರ್ಜಿ, ಬ್ಯಾಂಕಿನ ಚೀಟಿ, ಆರು ಪತ್ರಗಳ ಫೈಲು ಹಿಡಿದುಕೊಂಡೆ. ಅತ್ತೆ ಒಂದು ಕುಪ್ಪಸದ ಖಣ, ಒಂದು ತೆಂಗಿನಕಾಯಿ ಹಿಡಿದುಕೊಂಡರು. "ನೀವು ಬಾಯಿ ತೆಗಿಯಂಗಿಲ್ಲ ನೋಡ್ರಿ ಮತ್ತ" ಎಂದು ಬಸ್ಸಿನಲ್ಲೇ ಕರಾರು ಮಾಡಿಸಿಕೊಂಡರು. ಆ ಮನೆಯಲ್ಲಿ ಹುಡುಗನ ಅಜ್ಜಿ ಇದ್ದರು, ತಾಯಿಯ ತಾಯಿ. ಮುರಗೋಡದವರೆಂದು ತಿಳಿದದ್ದೇ ಕಾಲಿಗೆ ನೀರು, ಚುರುಮುರಿ, ಚಹಾ ಎಲ್ಲ ಬಂತು. ಅತ್ತೆ ಖಣ, ಕಾಯಿ ಕೊಟ್ಟು ಮಾತಿಗೆ ಕುಳಿತರು. ಮಲಪ್ರಭೆಯ ನೀರು, ಮೊಣಕಾಲ ನೋವು, ಕಣ್ಣಿನ ಆಪರೇಷನ್ನು, ಯಾರ ಮಗಳು ಬಾಣಂತಿ, ಒಂದು ತಾಸು ಆಯಿತು. ಕ್ಯಾಮರಾದ ಸುದ್ದಿಯೇ ಇಲ್ಲ. ನಾನು ತೊಡೆಯ ಮೇಲೆ ಫೈಲು ಇಟ್ಟುಕೊಂಡು ಚುರುಮುರಿ ತಿನ್ನುತ್ತಿದ್ದೆ.

ಕಡೆಗೆ ಎದ್ದು, ಕುಂಕುಮ ಹಚ್ಚಿಸಿಕೊಂಡು, ಹೊಸ್ತಿಲ ಬಳಿ ನಿಂತು ಅತ್ತೆ ನೆನಪಾದವರಂತೆ ಹೇಳಿದರು: "ನಿಮ್ಮ ಸೋಲಾಪುರದ ಮೊಮ್ಮಗ ನಮ್ಮ ಅಳ್ಯಾಗ ಒಂದು ಕ್ಯಾಮರಾ ಮಾರ್ಯಾನ್ರಿ. ಭಾಳ ಚಂದ ಕಟ್ಟಿ ಕಳಿಸಿದ್ದ. ಒಳಗ ಕ್ಯಾಮರಾ ಹಾಕೂದು ಒಂದು ಮರತಾನ. ಗಡಿಬಿಡ್ಯಾಗ ಇರತಾವ ಹುಡುಗರು." ಆಮೇಲೆ ಸೆರಗಿನಿಂದ ಲಗ್ನಪತ್ರಿಕೆ ತೆಗೆದು ಗೋಡೆಯ ಗೂಡಿನಲ್ಲಿಟ್ಟರು. "ಇದು ಅದರಾಗ ಬಂದಿತ್ತು. ಮದುವಿ ಪತ್ರಿಕಿ, ಮಂದಿ ಕಾಲಾಗ ಬೀಳಬಾರದು ಅಂತ ತಂದೆ." ಅಜ್ಜಿ ಆ ಪತ್ರಿಕೆಯನ್ನು ನೋಡಿದರು. ಮೊಮ್ಮಗಳ ಮದುವೆಯದು. ಅವರ ಮುಖ ನೋಡಲಾಗದೆ ನಾನು ಚಪ್ಪಲಿ ಹುಡುಕಿದೆ. ಕಳ್ಳ ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಬಸ್ಸಿನಲ್ಲಿ ನಾನು ಕೇಳಿದೆ: "ಅತ್ತಿ, ರೊಕ್ಕ ಎಷ್ಟಂತ ಹೇಳಲೇ ಇಲ್ಲಲ್ರಿ?" ಅವರು ಕಿಟಕಿಯ ಹೊರಗೆ ನೋಡುತ್ತ "ಎಷ್ಟಂತ ಆ ಹುಡುಗನಿಗೆ ಗೊತ್ತಿಲ್ಲೇನು?" ಎಂದರು. ಹೌದು, ಅವನಿಗೆ ಗೊತ್ತಿತ್ತು. ನನ್ನ ಎರಡನೆಯ ಬೆಲೆಯನ್ನು ನಮ್ಮ ಹೊಸ್ತಿಲೊಳಗೆ ತರಬಲ್ಲವನು ಅವನೊಬ್ಬನೇ. ಆವರೆಗೆ ದುಡ್ಡು ಬರಲಿ ಎಂದು ಬೇಡುತ್ತಿದ್ದ ನಾನು, ಆ ರಾತ್ರಿಯಿಂದ ಬಾರದಿರಲಿ ಎಂದು ಬೇಡತೊಡಗಿದೆ.

ಮುಂದಿನ ಭಾನುವಾರವೇ ದುಡ್ಡು ಬಂತು. ತಂದವರು ಹುಡುಗನ ತಾಯಿ. ಸೋಲಾಪುರದಿಂದ ತವರಿಗೆ ಬಂದು, ಅಲ್ಲಿಂದ ಒಬ್ಬರೇ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಕುಳಿತುಕೊಳ್ಳಲೂ ಒಪ್ಪದೆ, ಗಿರಿಜಾಳಿಂದ ಒಂದು ತಾಟು ಕೇಳಿ, ಎಲೆ ಅಡಿಕೆಯ ಮೇಲೆ ಐನೂರರ ಒಂಬತ್ತು ನೋಟು ಇಟ್ಟರು. "ನನ್ನ ಮಗ ನಾಕೂವರಿ ಸಾವಿರ ತಗೊಂಡಾನ್ರಿ. ಎಣಿಸಿಕೊಳ್ರಿ. ತವರುಮನ್ಯಾಗ ತಲಿ ಎತ್ತದಂಗ ಮಾಡಿದ" ಎಂದರು.

ಗಿರಿಜಾ ಮೂರು ನೋಟು ತೆಗೆದುಕೊಂಡು ತಾಟನ್ನು ಹಿಂದಕ್ಕೆ ಸರಿಸಿದಳು. "ಇಷ್ಟ್ಯಾಕ್ರಿ ಯಕ್ಕಾ? ನಾವು ಕೊಟ್ಟಿದ್ದು ಹದಿನೈದು ನೂರು. ನಮ್ಮದಲ್ಲದ್ದು ನಮಗ ಬ್ಯಾಡ್ರಿ. ಸಾಬಾಣ ಬ್ಯಾರೆ ಬಳಸೇನಿ, ಅದರ ರೊಕ್ಕ ಮುರಕೊಳ್ರಿ."

"ಇಲ್ಲವಾ, ದೇವರ ಮುಂದ ನಿಂದರಿಸಿ ಕೇಳೇನಿ. ನಾಕೂವರಿ ಅಂದಾನ."

"ಹದಿನೈದು ನೂರ ಯಕ್ಕಾ. ಇವರ ಹೇಳ್ಯಾರ."

ತಾಟು ಎರಡು ಸಲ ಆಚೆ ಈಚೆ ಹೋಯಿತು. ಇಬ್ಬರು ಹೆಂಗಸರು, ತಮ್ಮದಲ್ಲದ ಮೂರು ಸಾವಿರ ತಮಗೆ ಬೇಡ ಎಂದು ಜಗಳವಾಡುತ್ತಿದ್ದರು. ಇಂಥ ಜಗಳವನ್ನು ನಾನು ಕಂಡೂ ಇರಲಿಲ್ಲ, ಓದಿಯೂ ಇರಲಿಲ್ಲ. ಹಾಗೆ ನೋಡುತ್ತಿರುವಾಗಲೇ ಆ ತಾಯಿಯ ಕೈ ನಿಂತಿತು. "ಹಂಗಾರ ಉಳಿದ ರೊಕ್ಕ ಯಾರದು?" ಎಂದರು ತಮಗೆ ತಾವೇ. "ಮತ್ಯಾರಿಗರ ಮೋಸ ಮಾಡ್ಯಾನೇನು? ನನ್ನ ಮುಂದೂ ಸುಳ್ಳ ಹೇಳಿದನೇನು?" ಸೆರಗು ಕಣ್ಣಿಗೆ ಹೋಯಿತು.

ನಾನು ಸುಮ್ಮನಿದ್ದರೆ ಆಯಿತು. ಮೂರು ಸಾವಿರ ಹೋದರೂ ಮನೆಯ ಶಾಂತಿ ಉಳಿಯುತ್ತಿತ್ತು. ಆ ತಾಯಿ ಮಾತ್ರ ಮಗ ಮಾಡದ ಇನ್ನೊಂದು ತಪ್ಪನ್ನು ಹೊತ್ತುಕೊಂಡು ಸೋಲಾಪುರದವರೆಗೆ ಅಳುತ್ತ ಹೋಗುತ್ತಿದ್ದರು. ಮೂಲೆಯಿಂದ ಅತ್ತೆ ಹೊಸ ಚಾಳೀಸಿನೊಳಗಿಂದ ನನ್ನನ್ನೇ ನೋಡುತ್ತಿದ್ದರು, ಲಗ್ನಪತ್ರಿಕೆ ಓದಿದ ಹಾಗೆ. ಅವರ ಬೆರಳು ಯಾವಾಗಲೋ ನನ್ನ ಸಾಲಿಗೆ ಬಂದು ನಿಂತಿದೆ ಅನ್ನಿಸಿತು.

"ನಾಕೂವರಿ ಖರೇ ಐತ್ರಿ" ಎಂದೆ. "ನಿಮ್ಮ ಮಗ ಸುಳ್ಳ ಹೇಳಿಲ್ಲ. ಸುಳ್ಳ ಹೇಳಿದವ ನಾನು."

ಗಿರಿಜಾ ನನ್ನ ಕಡೆ ತಿರುಗಿದಳು. "ಪೇಪರ್ ತಿದ್ದಿದ ರೊಕ್ಕೇನು?" ಎಂದಳು. ಅಷ್ಟೇ. ನಾನು ತಲೆಯಾಡಿಸಿದೆ. ಅವಳು ಉಳಿದ ಆರು ನೋಟುಗಳನ್ನೂ ಎತ್ತಿ ಮೂರರ ಜೊತೆ ಸೇರಿಸಿ, ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಕಣ್ಣು ತೊಳೆದುಕೊಂಡು ಬಂದು ಆ ತಾಯಿಗೆ ಊಟ ಬಡಿಸಿದಳು, ಅಕ್ಕಿ, ಖಣ, ಕಾಯಿ ಹಾಕಿ ಉಡಿ ತುಂಬಿದಳು. ಊಟಕ್ಕೆ ಬಡಿಸಿದ ಚಟ್ನಿಯನ್ನೂ ಅವಳು ಕಲ್ಲಿನಲ್ಲೇ ಅರೆದಿದ್ದಳು.

ಹೊರಡುವಾಗ ಆ ತಾಯಿಯ ಮುಖ ಹಗುರಾಗಿತ್ತು. ನನ್ನೊಡನೆ ಮಾತಾಡಲಿಲ್ಲ. ನಮ್ಮ ಅತ್ತೆಯ ಕೈ ಹಿಡಿದುಕೊಂಡು ಸಮಾಧಾನ ಹೇಳಿದರು: "ಮಾಸ್ತರ ಮ್ಯಾಲ ಸಿಟ್ಟಾಗಬ್ಯಾಡ್ರಿ ಯವ್ವಾ. ನನ್ನ ಮಗಾನೂ ಹಿಂಗ ಅದಾನ. ಸಿಕ್ಕ ಮ್ಯಾಲೆ ಖರೇ ಹೇಳತಾನ." ಅತ್ತೆ ಒಪ್ಪಿ ತಲೆಯಾಡಿಸಿದರು.

ಅದೇ ವಾರ ಮಿಕ್ಸರ್ ಬಂತು. ಗಿರಿಜಾ ತಾನೇ ಹೋಗಿ ತಂದಳು. ಎಷ್ಟಾಯಿತು ಎಂದು ಕೇಳಿದ್ದಕ್ಕೆ ಹದಿನೆಂಟು ನೂರು ಎಂದಳು. ಅದು ಎರಡನೆಯ ಬೆಲೆಯೋ ಮೂರನೆಯದೋ ಎಂದು ಕೇಳುವ ಬಾಯಿ ನನಗೆ ಇಂದಿಗೂ ಇಲ್ಲ.