ತಾನಾಗಿ ಕೂಡಿಕೊಂಡ ಇಂಜಿನ್

ನಾಲ್ಕು ತಿಂಗಳು ಪರವೂರಿನ ಕೆಲಸ ಮುಗಿಸಿಕೊಂಡು ಶನಿವಾರ ಸಂಜೆ ಮನೆಗೆ ಬಂದ ನಕ್ಷೆಗಾರರ ಕೈಗೆ ಹೆಂಡತಿ ನೀರಿನ ಲೋಟದ ಜೊತೆಗೇ ಒಂದು ನೋಟೀಸನ್ನೂ ಕೊಟ್ಟಳು. ವಸತಿ ಸಂಘದ ಕಾರ್ಯದರ್ಶಿಯ ಸಹಿ ಇತ್ತು. ಕಟ್ಟಡದ ಹಿಂದಿನ ಶೆಡ್ಡುಗಳಲ್ಲಿ ಓಡುವ ವಾಹನವೋ ನಡೆಯುವ ಯಂತ್ರವೋ ಇಲ್ಲದಿದ್ದರೆ ಅಂಥ ಶೆಡ್ಡನ್ನು ಸಂಘ ವಾಪಸು ಪಡೆದು ಕುರ್ಚಿ ಪೇರಿಸಲು ಬಳಸಿಕೊಳ್ಳುತ್ತದಂತೆ. ತಪಾಸಣೆ ಮರುದಿನವೇ, ಸಂಜೆ ಐದಕ್ಕೆ.

ನಕ್ಷೆಗಾರರು ನೋಟೀಸನ್ನು ಎರಡೆರಡು ಸಲ ಓದಿದರು. ಸರ್ವೆ ಕಚೇರಿಯಲ್ಲಿ ದಿನವಿಡೀ ಗೆರೆ ಎಳೆಯುವ ಅವರಿಗೆ ಇದ್ದ ಒಂದೇ ಚಟ ಹಳೇ ಪುಟ್ಟ ಕಾರುಗಳ ಇಂಜಿನ್ನನ್ನು ಬಿಚ್ಚಿ ಜೋಡಿಸುವುದು. ಬಿಚ್ಚುವುದರಲ್ಲಿ ಕೈ ಪಳಗಿತ್ತು. ಜೋಡಿಸುವುದು ಇನ್ನೂ ಅಭ್ಯಾಸದಲ್ಲಿತ್ತು. ಹೀಗಾಗಿ ಮೂವತ್ತು ವರ್ಷ ಹಳೆಯ ಒಂದು ಇಂಜಿನ್ನು ಅವರ ಶೆಡ್ಡಿನಲ್ಲಿ ನೂರಾರು ತುಂಡಾಗಿ ಬಿದ್ದಿತ್ತು. ಪೆಟ್ರೋಲಿಗೆ ಗಾಳಿ ಬೆರೆಸಿ ಉಣಿಸುವ ಕಾರ್ಬುರೇಟರನ್ನು ದೊಡ್ಡದು ಹಾಕಿ, ಆ ಇಂಜಿನ್ನಿಗೆ ದುಪ್ಪಟ್ಟು ಬಲ ತರಬೇಕೆಂಬುದು ಅವರ ಆಸೆ. ದೊಡ್ಡ ಕಾರ್ಬುರೇಟರೇನೋ ಮಂಚದ ಕೆಳಗೆ ಸಿದ್ಧವಿತ್ತು. ಆದರೆ ಎರಡು ವರ್ಷದಲ್ಲಿ ಆಗದ ಕೆಲಸ ಒಂದು ಹಗಲಲ್ಲಿ ಆಗುವುದು ಹೇಗೆ?

ಭಾನುವಾರ ಏಳಕ್ಕೇ ಕೀಲಿಕೈ ಹಿಡಿದು ಹಿತ್ತಲಿಗೆ ನಡೆದರು. ಅವರಿಲ್ಲದಾಗ ಶೆಡ್ಡುಗಳ ಸಾಲಿಗೆಲ್ಲ ಹೊಸದಾಗಿ ನೀಲಿ ಬಣ್ಣ ಬಳಿದಿದ್ದರು. ಬೀಗ ತೆಗೆದು ಬಾಗಿಲು ಎತ್ತಿದವರು ಹಾಗೇ ನಿಂತುಬಿಟ್ಟರು. ತುಂಡುಗಳ ರಾಶಿ ಇರಲಿಲ್ಲ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಂಜಿನ್ನು ಪೂರ್ತಿ ಜೋಡಣೆಯಾಗಿ, ಆಗಷ್ಟೇ ಎಣ್ಣೆ ಹಚ್ಚಿದ ಮಗುವಿನ ಹಾಗೆ ಮಿರಮಿರ ಮಿಂಚುತ್ತ ಕೂತಿತ್ತು. ಗೋಡೆಯ ಮೇಲೆ ಸ್ಪ್ಯಾನರುಗಳು ಸಣ್ಣದರಿಂದ ದೊಡ್ಡದರವರೆಗೆ ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳಂತೆ ಸಾಲಾಗಿ ನೇತಾಡುತ್ತಿದ್ದವು.

ನಕ್ಷೆಗಾರರು ಇಂಜಿನ್ನನ್ನು ಮುಟ್ಟಿ ನೋಡಿದರು, ಮೂಸಿ ನೋಡಿದರು. ಕನಸಲ್ಲ. ಆ ಶಿಸ್ತು ಕಂಡು ಅವರಿಗೆ ಮೇಲಿನ ಮನೆಯ ನಿವೃತ್ತ ಮೇಷ್ಟ್ರ ನೆನಪಾಯಿತು. ನೇರವಾಗಿ ಅಲ್ಲಿಗೇ ಹೋಗಿ, ನನ್ನ ಇಂಜಿನ್ ಜೋಡಿಸಿದ್ದು ನೀವೇನಾ ಎಂದು ಕೇಳಿದರು.

ಮೂವತ್ತೈದು ವರ್ಷದ ಮೇಷ್ಟ್ರುಗಿರಿಯಲ್ಲಿ ಯಾವ ಪ್ರಶ್ನೆಗೂ 'ಗೊತ್ತಿಲ್ಲ' ಅಂದವರಲ್ಲ ಅವರು. ಕಣ್ಣು ಮುಚ್ಚಿ ಮುಗುಳ್ನಕ್ಕರು. "ಮಾಡಿದ್ದನ್ನ ಹೇಳ್ಕೋಬಾರದು ಅಲ್ವಾ?" ಎಂದರು. ಬೀಗ ಹೇಗೆ ತೆಗೆದಿರಿ ಎಂದರೆ, ವಿದ್ಯೆಯ ಮುಂದೆ ಬೀಗ ಯಾವ ಲೆಕ್ಕ ಎಂದು ತಿರುಗಿ ಕೇಳಿದರು.

ನಕ್ಷೆಗಾರರು ಕೈಮುಗಿದು ಮನೆಗೆ ಬಂದರೆ, ತಿಂಡಿಯ ಹೊತ್ತಿಗೆ ಸರಿಯಾಗಿ ಹಾಜರಾಗುವ ಭಾವಮೈದ ತಟ್ಟೆಯ ಮುಂದೆ ಕೂತಿದ್ದ. ವಿಷಯ ಕೇಳಿ ಅವನ ಮುಖ ಸಪ್ಪಗಾಯಿತು. ಆ ಹೆಸರು ಮೇಷ್ಟ್ರಿಗೆ ಹೋಗುವುದನ್ನು ಅವನಿಂದ ನೋಡಲಾಗಲಿಲ್ಲ.

"ಭಾವ, ನೀವು ಬಂದಾಗ ಖುಷಿಯಾಗ್ಲಿ ಅಂತ ನಾನೇ ಜೋಡಿಸಿಟ್ಟಿದ್ದೆ. ಅವರು ಬರೀ ಕಿಟಕಿಯಿಂದ ನೋಡಿರ್ತಾರೆ."

ಹೆಂಡತಿ ಅಡುಗೆಮನೆಯಿಂದ ತಲೆ ಹೊರಹಾಕಿದಳು. "ದಿಂಬಿಗೆ ಕವರ್ ಹಾಕೋಕೆ ಇಬ್ಬರನ್ನ ಕರೀತಾನೆ ಇವನು. ಇವನು ಇಂಜಿನ್ ಜೋಡಿಸಿದ್ನಂತೆ."

ಇಬ್ಬರನ್ನೂ ಶೆಡ್ಡಿಗೆ ಕರೆದುಕೊಂಡು ಹೋದದ್ದಾಯಿತು. ಪಿಸ್ಟನ್ ಎಲ್ಲಿದೆ ತೋರಿಸಿ ಎಂದರೆ ಮೇಷ್ಟ್ರು ಬ್ಯಾಟರಿಯನ್ನು ತೋರಿಸಿದರು. ಭಾವಮೈದ ಅವರ ಅಜ್ಞಾನಕ್ಕೆ ಮರುಗಿ ಪೆಟ್ರೋಲ್ ಡಬ್ಬಿಯನ್ನು ತೋರಿಸಿದ. ಇವರಿಬ್ಬರೂ ಅಲ್ಲವೆಂಬುದು ಖಾತ್ರಿಯಾಯಿತು. ಹಾಗಾದರೆ ಯಾರು? ಊರು ಬಿಡುವ ಮುಂಚೆ ನೀವೇ ಜೋಡಿಸಿ ಮರೆತಿರಬೇಕು, ಮದುವೆಯಾದ ತಾರೀಕನ್ನೇ ಮರೆಯುವವರು ನೀವು ಎಂದಳು ಹಿಂದೆಯೇ ಬಂದಿದ್ದ ಹೆಂಡತಿ. ಯೋಚಿಸಿದಷ್ಟೂ ನಕ್ಷೆಗಾರರಿಗೆ ಅದೇ ನಿಜವಿರಬೇಕು ಅನ್ನಿಸತೊಡಗಿತು. ತಮ್ಮ ಕೈಚಳಕಕ್ಕೆ ತಾವೇ ಬೆರಗಾದರು.

ಗಂಟೆ ಹನ್ನೊಂದಾಗಿತ್ತು. ಇನ್ನು ದೊಡ್ಡ ಕಾರ್ಬುರೇಟರ್ ಕೂರಿಸಿದರೆ ಮುಗಿಯಿತು. ಇಂಜಿನ್ನಿಗೆ ಅಂಟಿಕೊಂಡಿದ್ದ ಪುಟ್ಟ ಕಾರ್ಬುರೇಟರನ್ನು ಬಿಚ್ಚಿ ಭಾವಮೈದನ ಕೈಗೆ ಕೊಟ್ಟರು. ದೊಡ್ಡದು ಕೂರಲಿಲ್ಲ, ಇಂಜಿನ್ನಿನ ಬಾಯಿ ಚಿಕ್ಕದಾಯಿತು. ಅರ ಹಿಡಿದು ಎರಡು ಗಂಟೆ ಉಜ್ಜಿ ಬಾಯಿ ಅಗಲಿಸಿದರು. ಬೋಲ್ಟುಗಳು ಹೊಂದಲಿಲ್ಲ, ಹೊಸ ತೂತು ಕೊರೆದರು. ಸೈಲೆನ್ಸರ್ ಅಡ್ಡ ಬಂತು. ಗರಗಸದಿಂದ ಕತ್ತರಿಸಿ ಮೋಟು ಮಾಡಿದರು. ಮೇಷ್ಟ್ರು ಪ್ರತಿ ಹಂತದಲ್ಲೂ 'ಹಾಗೇ, ಹಾಗೇ' ಎನ್ನುತ್ತಿದ್ದರು. ಈ ನಡುವೆ ಭಾವಮೈದ, ತಾನೂ ಏನಾದರೂ ಮಾಡಬೇಕೆಂದು, ಪುಟ್ಟ ಕಾರ್ಬುರೇಟರನ್ನು ಗೇಟಿನ ಮುಂದೆ ಹೋಗುತ್ತಿದ್ದ ಗುಜರಿ ಗಾಡಿಗೆ ಹಾಕಿ ಬಂದ. ಹೋಗಲಿ ಬಿಡು, ಆ ಸಣಕಲು ಇನ್ಯಾಕೆ ಎಂದರು ನಕ್ಷೆಗಾರರು.

ಐದಕ್ಕೆ ಸರಿಯಾಗಿ ಕಾರ್ಯದರ್ಶಿ ಬಿಳಿ ಅಂಗಿ ತೊಟ್ಟು, ಕಡತ ಹಿಡಿದು ಬಂದರು. ಬಾಲ್ಕನಿಗಳಲ್ಲೂ ಶೆಡ್ಡಿನ ಮುಂದೂ ಜನ. ನಕ್ಷೆಗಾರರು ಸ್ವಿಚ್ಚು ಒತ್ತಿದರು. ಇಂಜಿನ್ನು ಮುದುಕರ ಹಾಗೆ ಎರಡು ಸಲ ಕೆಮ್ಮಿ, ಮೂರನೇ ಸಲಕ್ಕೆ ಗುಡುಗಿತು. ಪಾರಿವಾಳಗಳು ಹಾರಿದವು. ಮೋಟು ಕೊಳವೆಯಿಂದ ಹೊರಟ ಮಸಿ ಕಾರ್ಯದರ್ಶಿಯ ಅಂಗಿಯ ಮೇಲೆ ಕೂತಿತು. ಅವರು ಕೆಮ್ಮುತ್ತಲೇ ಕಡತದಲ್ಲಿ 'ನಡೆಯುತ್ತದೆ' ಎಂದು ಬರೆದರು. ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಲೆ ಬಾಗಿಸಿ, ಭಾವಮೈದ ಕೈಯೆತ್ತಿ, ಅದನ್ನು ಹಂಚಿಕೊಂಡರು.

ಆಗ ಗುಂಪನ್ನು ಸರಿಸಿಕೊಂಡು, ತಪಾಸಣೆಗೆಂದು ಆಗಷ್ಟೇ ಊರಿಂದ ಮರಳಿದ್ದ ಒಬ್ಬ ವಯಸ್ಸಾದವರು ಮುಂದೆ ಬಂದರು. ನಕ್ಷೆಗಾರರು ಊರಲ್ಲಿಲ್ಲದಾಗ ಕೆಳಗಿನ ಮನೆಗೆ ಬಂದ ಬಾಡಿಗೆದಾರರು, ನಿವೃತ್ತ ರೈಲು ಡ್ರೈವರ್. ಇಂಜಿನ್ನನ್ನು ಒಮ್ಮೆ ಸುತ್ತು ಹಾಕಿ ನೋಡಿ, ಮೆಲ್ಲಗೆ ಸ್ವಿಚ್ಚು ಆರಿಸಿದರು.

"ಇದನ್ನ ಮಾಡಿದ್ದು ಯಾರು?"

ಅವರ ದನಿಯಲ್ಲಿ ಏನಿತ್ತೋ, ಮೇಷ್ಟ್ರೂ ಭಾವಮೈದನೂ ಆ ದಿನ ಮೊದಲ ಬಾರಿಗೆ ಒಮ್ಮತಕ್ಕೆ ಬಂದು ನಕ್ಷೆಗಾರರ ಕಡೆ ಬೆರಳು ತೋರಿಸಿದರು.

ನಕ್ಷೆಗಾರರು ನಾಚಿಕೊಂಡರು. "ನಾನೇ. ಏನೋ, ಒಂದು ಸಣ್ಣ ಹವ್ಯಾಸ."

"ಒಳ್ಳೇದು," ಎಂದರು ಡ್ರೈವರು. "ನನ್ನ ಶೆಡ್ಡಲ್ಲಿ ಯಾಕೆ ಮಾಡಿದ್ರಿ?"

ನಕ್ಷೆಗಾರರು ಎಡತುದಿಯಿಂದ ಮತ್ತೊಮ್ಮೆ ಬಾಗಿಲು ಎಣಿಸಿದರು, ನಾಲ್ಕೇ ಬಂತು. ಕೊನೆಗೆ ಬಿಡಿಸಿ ಹೇಳಿದವರು ಕಾರ್ಯದರ್ಶಿ. ಬಣ್ಣ ಬಳಿಯುವಾಗ ಸಾಲಿನ ಎಡತುದಿಯ ಪಂಪ್ ಕೋಣೆಗೂ ಇಂಥದೇ ಬಾಗಿಲು ಹಾಕಿಸಿದ್ದರು. ಶೆಡ್ಡಿನ ನಂಬರುಗಳು ಬಣ್ಣದಡಿ ಮುಚ್ಚಿಹೋಗಿದ್ದವು. ಎಡದಿಂದ ನಾಲ್ಕನೆಯದು ತಮ್ಮದೆಂದು ಎಣಿಸಿ ರೂಢಿಯಿದ್ದ ನಕ್ಷೆಗಾರರು ಎಂದಿನಂತೆ ನಾಲ್ಕು ಎಣಿಸಿದ್ದರು. ಅವರದು ಈಗ ಐದನೆಯದು. ಮತ್ತೆ ಬೀಗ? "ಎಂಟು ಶೆಡ್ಡಿಗೂ ಒಂದೇ ಕೀಲಿಕೈ ಆಗತ್ತೆ ಅಂದ ಅಂಗಡಿಯವನು. ಅನುಕೂಲ ಅಲ್ವಾ ಅಂತ ಶೆಡ್ಡು ಕಟ್ಟಿಸಿದಾಗ್ಲೇ ಅಂಥ ಬೀಗ ತಂದಿದ್ದೆ," ಎಂದರು ಕಾರ್ಯದರ್ಶಿ.

ಐದನೆಯದನ್ನು ತೆರೆದರು. ತುಂಡುಗಳ ರಾಶಿ ಬಿಟ್ಟುಹೋದಂತೆಯೇ ಬಿದ್ದಿತ್ತು. ಮೇಲೆ ಜೇಡರಬಲೆ ಮಾತ್ರ ಹೊಸದು. ಕಾರ್ಯದರ್ಶಿ 'ನಡೆಯುವುದಿಲ್ಲ' ಎಂದು ಬರೆದು, ಕುರ್ಚಿ ತರಲು ಹೇಳಿ ಕಳಿಸಿದರು.

ಡ್ರೈವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಎರಡು ವರ್ಷದಿಂದ ಆ ಇಂಜಿನ್ನನ್ನು, ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ, ಒಂದು ವಾಷರೂ ಬದಲಾಗದ ಹಾಗೆ ಕಟ್ಟುತ್ತಿದ್ದೆ ಎಂದರು. ಬಾಯಿ ಅಗಲಿಸಿದ್ದಕ್ಕೆ, ಕೊಳವೆ ಕತ್ತರಿಸಿದ್ದಕ್ಕೆ ನಿಮ್ಮ ರಾಶಿಯಿಂದ ಬದಲಿ ಕೊಟ್ಟರೆ ಸಾಕು, ಎರಡೂ ಒಂದೇ ಜಾತಿಯ ಇಂಜಿನ್ನು ತಾನೆ ಎಂದರು. ನಕ್ಷೆಗಾರರು ಎರಡೂ ಕೈಯಿಂದ ಒಪ್ಪಿದರು.

"ಆ ಪುಟ್ಟ ಕಾರ್ಬುರೇಟರ್ ಎಲ್ಲಿ? ಅದೊಂದು ಮುಖ್ಯ."

ಭಾವಮೈದ ಚಪ್ಪಲಿ ನೋಡಿಕೊಂಡ. ಸಂಗತಿ ತಿಳಿದು ಡ್ರೈವರು ಕುಸಿದು ಕೂತರು. "ಏಳು ಊರು ಹುಡುಕಿದ್ದೆ ಅದಕ್ಕೆ. ಕೊನೆಗೆ ನಾನು ಇಲ್ಲಿಗೆ ಬಂದ ದಿನ, ಇದೇ ಗೇಟಿನ ಮುಂದೆ ಗುಜರಿ ಗಾಡಿಯಲ್ಲಿ ಸಿಕ್ಕಿತ್ತು. ಯಾವನೋ ಪುಣ್ಯಾತ್ಮ ಎಸೆದಿದ್ದ." ಆಮೇಲೆ ಅವರಿಗೇ ಏನೋ ಹೊಳೆದು ಮುಖ ಅರಳಿತು. "ಅಲ್ಲ, ನಿಮ್ಮ ಇಂಜಿನ್ನಿನದು ಈ ರಾಶಿಯಲ್ಲೇ ಇರಬೇಕಲ್ಲ. ಹುಡುಕಿ, ನಿಧಾನವಾಗಿ ಹುಡುಕಿ. ನಾನು ಕಾಯ್ತೀನಿ."

ಊರು ಬಿಡುವ ಹಿಂದಿನ ದಿನ, ದೊಡ್ಡದು ಸಿಕ್ಕಿದ ಹುಮ್ಮಸ್ಸಿನಲ್ಲಿ, ಆ ಪುಟ್ಟದನ್ನು ತಾವೇ ಗುಜರಿ ಗಾಡಿಗೆ ಹಾಕಿದ್ದು ನಕ್ಷೆಗಾರರಿಗೆ ಆಗ ನೆನಪಾಯಿತು. ಬಾಯಿ ತೆರೆದರು. ಡ್ರೈವರ ಮುಖ ನೋಡಿ ಮುಚ್ಚಿಕೊಂಡರು. ಆಮೇಲೆ ಮಂಡಿಯೂರಿ ಕೂತು, ಒಂದೊಂದೇ ತುಂಡನ್ನು ಎತ್ತಿ ಬೆಳಕಿಗೆ ಹಿಡಿದು, ಬಹಳ ಶ್ರದ್ಧೆಯಿಂದ ಹುಡುಕತೊಡಗಿದರು.