ಏರ್ತಾ ಇದೆ ಕಣೇ!

ಆ ಮನೆಯ ಬಗ್ಗೆ ಅಕ್ಕಪಕ್ಕದವರು ಹೇಳುತ್ತಿದ್ದುದು ಒಂದೇ ಮಾತು: "ಅವನಿಗೆ ಇಬ್ಬರು ಹೆಂಡಿರು. ಅಂಗಳದವಳು ಕೆಮ್ಮಿದರೆ ಸಾಕು, ಬರಿಗಾಲಲ್ಲಿ ಓಡಿ ಬರ್ತಾನೆ. ಅಡುಗೆಮನೆಯವಳು ಗಂಟಲು ಹರಿದುಕೊಂಡು ಕೂಗಿದರೂ 'ಆಂ?' ಅಂತಾನೆ."

ಅಂಗಳದವಳು ಅಂದರೆ ಒಂದು ಹಳೇ ಪಿಕಪ್ ಗಾಡಿ. ಒಂದು ಕಾಲಕ್ಕೆ ನೀಲಿ ಬಣ್ಣ. ಈಗ ಬರೀ ನೀಲಿಯ ನೆನಪು. ಪಕ್ಕದ ಸೀಟಿನ ಬಾಗಿಲು ಒಳಗಿನಿಂದ ತೆರೆಯದು, ಹೊರಗಿದ್ದವರು ಯಾರಾದರೂ ದಯೆ ತೋರಬೇಕು. ಬೀದಿ ಕೊನೆಯ ದಿಬ್ಬ ಹತ್ತುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮನೆ ಬದಲಾಯಿಸುವವರ ಮಂಚ, ಬೀರು ಸಾಗಿಸುವುದು ಅವನ ಕಸುಬು. (ಆ ಬಡಾವಣೆಯ ಅರ್ಧ ಸಂಸಾರಗಳು ಅವಳ ಬೆನ್ನ ಮೇಲೆ ಕೂತೇ ಬಂದಂಥವು.)

ಅಡುಗೆಮನೆಯವಳು ಬಟ್ಟೆ ಹೊಲಿಯುತ್ತಿದ್ದಳು. ಒಲೆಗೂ ಪಾತ್ರೆ ಸ್ಟ್ಯಾಂಡಿಗೂ ನಡುವೆ ಅವಳ ಹೊಲಿಗೆ ಯಂತ್ರ. ಅಲ್ಲಿ ಎಂಥ ಕತ್ತಲೆಂದರೆ, ಕಪ್ಪು ಲಂಗಕ್ಕೆ ಕಡುನೀಲಿ ದಾರ ಹಾಕಿ ಗಿರಾಕಿಯಿಂದ ಮಂಗಳಾರತಿ ಮಾಡಿಸಿಕೊಂಡಿದ್ದಳು. ಗಂಡನ ಬೆನ್ನೂ ಸೋತಿತ್ತು; ಅವಳ ತಮ್ಮನ ಗ್ಯಾರೇಜಿನಲ್ಲಿ ಕೂತು ಮಾಡುವ ಕೆಲಸ ಅವನಿಗಾಗಿ ಕಾದಿತ್ತು. ಗಾಡಿ ಮಾರೋಣ, ಅದು ನಿಂತ ಜಾಗದಲ್ಲೇ ನಿನಗೊಂದು ಕಿಟಕಿ ಇರುವ ಹೊಲಿಗೆ ಕೋಣೆ ಕಟ್ಟೋಣ ಎಂದು ಅವನೇ ಮಾತು ಕೊಟ್ಟಿದ್ದ.

ಅಷ್ಟರಲ್ಲಿ ಭಾವಮೈದುನ ಬಾಯಿಬಿಟ್ಟ.

"ಭಾವ, ಹಳೇ ಪಿಕಪ್ ಬೆಲೆ ಏರ್ತಾ ಇದೆ! ಹೊಸ ಗಾಡಿ ರೇಟು ಕೇಳಿದ್ರೆ ಎದೆ ಹಿಡ್ಕೋಬೇಕು. ಕೆಟ್ರೆ ಕಂಪ್ಯೂಟರ್ ತಂದು ನಾಡಿ ನೋಡ್ಬೇಕು. ಇದಾದ್ರೆ ಒಂದು ಸ್ಪ್ಯಾನರು, ಎರಡು ಬೈಗುಳ, ಹೊರಟೇಬಿಡುತ್ತೆ. ಎಲ್ಲರೂ ಇಂಥದ್ದನ್ನೇ ಹುಡುಕ್ತಿದ್ದಾರೆ."

ಬೆಲೆ ಏರಿದ್ದು ಸಂತೆಯಲ್ಲಿ. ಅಮಲು ಏರಿದ್ದು ಇವನ ತಲೆಗೆ.

ಅಂದಿನಿಂದ ಸಂಜೆಯಾದರೆ ಗಾಡಿಯ ಹಿಂಭಾಗದಲ್ಲಿ ಅಂಗಾತ ಮಲಗಿ ಆಕಾಶ ನೋಡುವುದೇ ಅವನ ಉದ್ಯೋಗ. ಮೋಡಗಳು ಇಟ್ಟಿಗೆಗಳಾಗಿ ತಾವೇ ಬಂದು ಒಂದರ ಮೇಲೊಂದು ಕೂರುತ್ತಿದ್ದವು.

"ಏರ್ತಾ ಇದೆ ಕಣೇ! ಈಗ ಮಾರಿದ್ರೆ ಒಂದೇ ಕಿಟಕಿ. ಸ್ವಲ್ಪ ತಡೆದ್ರೆ ಎರಡು."

"ನನಗೆ ಒಂದೇ ಸಾಕು ರೀ."

ಮುಂದಿನ ತಿಂಗಳು ಮತ್ತೆ, "ಮಾಳಿಗೇನೂ ಹಾಕಿಸಬಹುದು ಕಣೇ. ಮೇಲೆ ನೀನು ಹೊಲಿ, ಕೆಳಗೆ ಗಿರಾಕಿಗಳು ಸಾಲಾಗಿ ಕೂತಿರ್ಲಿ."

"ಮಾಳಿಗೆ ಮೋಡದಲ್ಲಿದೆ, ನಾನು ಒಲೆ ಪಕ್ಕದಲ್ಲಿದ್ದೀನಿ. ಬೆಲೆ ಏರುತ್ತಂತೆ! ನಿಮ್ಮ ಮಹಾರಾಣಿ ಮೊದಲು ಆ ದಿಬ್ಬ ಏರ್ಲಿ ನೋಡೋಣ."

ಓಡಿಸಿದರೆ ಬೆಲೆ ಇಳಿದೀತೆಂದು ಅವನು ಗಾಡಿಯ ಕೀಲಿಯನ್ನೇ ಮುಟ್ಟಲಿಲ್ಲ. ಬಾಡಿಗೆ ಬಂದರೆ ಮಂಚವನ್ನು ತಲೆಯ ಮೇಲೆ ಹೊತ್ತು, ತನ್ನದೇ ಗಾಡಿಯ ಮುಂದೆ ಬೆವರಿಳಿಸುತ್ತಾ ಹಾದುಹೋದ.

"ಗಾಡಿ ಇದೆಯಲ್ಲಯ್ಯಾ?" ಎಂದರು ಮಂಚದವರು.

"ಶ್! ಬೆಲೆ ಏರ್ತಾ ಇದೆ. ಎಬ್ಬಿಸೋ ಹಾಗಿಲ್ಲ."

ಒಂದು ಮಧ್ಯಾಹ್ನ ಭಾವಮೈದುನ ಬಂದು, "ಸುಮ್ಮನೆ ಸ್ವಲ್ಪ ಕ್ಲೀನ್ ಮಾಡ್ತೀನಿ ಭಾವ" ಎಂದು ಎಂಜಿನ್ನಿನೊಳಗೆ ತಲೆ ಹಾಕಿದ. ಮಾಡಲಿ, ಬೆಲೆ ಇನ್ನೂ ಏರೀತು ಎಂದುಕೊಂಡು ಇವನು ಹಿಂದೆ ಟಾರ್ಪಾಲಿನ್ ಹೊದ್ದು ಬರಿ ತಗಡಿನ ಮೇಲೆ ಮಲಗಿದ. ಗುರ್ರೆಂದು ಎಂಜಿನ್ ಶುರುವಾಯಿತು. ಆ ಸದ್ದು ಅವನಿಗೆ ಲಾಲಿ ಹಾಡಿದ ಹಾಗೆ. ಕಣ್ಣು ಎಳೆದುಕೊಂಡು ಹೋಯಿತು.

ಕನಸಿನಲ್ಲಿ ಹೊಲಿಗೆ ಕೋಣೆ ಮೂರನೇ ಮಾಳಿಗೆಗೆ ಬಂದಿತ್ತು. ಎಲ್ಲೋ ಕೆಳಗಡೆ ಯಾರೋ ಮಾತಾಡುತ್ತಿದ್ದರು.

"ಹಗ್ಗ, ಟಾರ್ಪಾಲಿನ್ ಎಲ್ಲ ಸೇರಿ ತಾನೇ ಅಮ್ಮಾ?"

"ಇದ್ದದ್ದು ಇದ್ದ ಹಾಗೇ ತಗೊಂಡು ಹೋಗಿ."

ಎಂಥ ಒಳ್ಳೇ ವ್ಯಾಪಾರ ಎಂದುಕೊಂಡು ಅವನು ಮಗ್ಗುಲು ಬದಲಿಸಿದ. ಆಮೇಲೆ ಕೋಣೆಯೇ ತೇಲತೊಡಗಿತು. ಮರದ ಕೊಂಬೆಗಳು ಹಿಂದಕ್ಕೆ ಸರಿದವು. ಏನೋ ಏರಿದಂತೆ, ತಾನೂ ಅದರ ಜೊತೆ ಏರಿದಂತೆ, ಮೈಯೆಲ್ಲ ಹಗುರಾಯಿತು.

ಯಾರೋ ಟಾರ್ಪಾಲಿನ್ ಎಳೆದರು. ಸುತ್ತ ಕುಂಡಗಳು, ಸಸಿಗಳು, ಹೂಗಳು. ಸ್ವರ್ಗವೇ ಇರಬೇಕು ಅಂದುಕೊಂಡ. ಸ್ವರ್ಗದವನು ಮಣ್ಣು ಮೆತ್ತಿದ ಕೈ ಸೊಂಟಕ್ಕಿಟ್ಟು ಬಾಯಿ ತೆರೆದು ನಿಂತಿದ್ದ.

"ಯಾರ್ರೀ ನೀವು?"

"ಗಾಡಿ ಯಜಮಾನ."

"ಯಜಮಾನ ನಾನು! ಹೂಗಿಡ ಸಾಗಿಸೋಕೆ ಈಗ ತಾನೇ ಕೊಂಡೆ. ಅಮ್ಮಾವರ ಹೆಸರಲ್ಲಿತ್ತು, ಅವರೇ ಸಹಿ ಹಾಕಿಕೊಟ್ರು."

ಹೌದು, ಹೆಂಡತಿಯ ಹೆಸರು ಅದೃಷ್ಟದ್ದೆಂದು ಅವನೇ ಹಾಗೆ ಬರೆಸಿದ್ದ. ಗಾಬರಿಯಿಂದ ಎದ್ದು ಕೂತಾಗ ಕೈಗೆ ಮೆತ್ತಗೆ ಏನೋ ತಾಗಿತು. ದಿಂಬು! ಪಕ್ಕದಲ್ಲೇ ಊಟದ ಡಬ್ಬಿ, ಇನ್ನೂ ಬೆಚ್ಚಗಿತ್ತು. ತಗಡಿನ ಮೇಲೆ ಮಲಗಿದವನ ತಲೆಯಡಿಗೆ ದಿಂಬು ತಾನಾಗಿ ನಡೆದು ಬರುವುದಿಲ್ಲ. ಅವನು ಹೆಂಡತಿಗೆ ಫೋನ್ ಹಚ್ಚಿದ.

"ನನ್ನನ್ನೂ ಸೇರಿಸಿ ಮಾರಿಬಿಟ್ಯಲ್ಲೇ!"

"ಎಬ್ಬಿಸಿದ್ರೆ ನಾಲ್ಕನೇ ಮಾಳಿಗೆ ಶುರು ಮಾಡ್ತಿದ್ರಿ."

"ಒಂದು ವಾರ ತಡೆದಿದ್ರೆ..."

"ಊಟ ಮಾಡಿ ಬನ್ನಿ. ಅವರಿಗೆ ನೀವು ಬೇಡವಾದ್ರೆ ಮಾತ್ರ."

ಹೂಗಿಡದವನು ಹೊಟ್ಟೆ ಹಿಡಿದುಕೊಂಡು ನಕ್ಕು, ಸಸಿಗಳನ್ನು ತುಂಬಿಕೊಂಡು, ಹೇಗೂ ಆ ಕಡೆಯೇ ಹೋಗಬೇಕೆಂದು ಅವನನ್ನೂ ಕೂರಿಸಿಕೊಂಡು ಬಂದ. ಮನೆ ಮುಂದೆ ಗಾಡಿ ನಿಂತಿತು. ಹೆಂಡತಿ ಬಂದು, ಒಳಗಿನಿಂದ ತೆರೆಯದ ಆ ಬಾಗಿಲನ್ನು ಹೊರಗಿನಿಂದ ತೆರೆದಳು. ಅವನು ದಿಂಬು ಬಗಲಿಗಿಟ್ಟುಕೊಂಡು ಇಳಿದ, ಒಂದು ಹೆಜ್ಜೆ ಇಟ್ಟ.

"ರೀ, ಗೋಡೆ ತುಳೀಬೇಡಿ! ಬಾಗಿಲಿಂದ ಬನ್ನಿ."

ಗಾಡಿ ನಿಂತಿದ್ದ ಜಾಗದಲ್ಲಿ, ಎಣ್ಣೆಯ ಕಲೆಯ ಸುತ್ತ, ಬಟ್ಟೆ ಗುರುತು ಮಾಡುವ ಸೀಮೆಸುಣ್ಣದಲ್ಲಿ ಅವಳು ಕೋಣೆ ಬರೆದಿದ್ದಳು. ಒಂದು ಬಾಗಿಲು. ಎರಡು ಕಿಟಕಿ. ಅವನು ಸುತ್ತಿ ಬಂದು, ತಲೆ ಬಗ್ಗಿಸಿ, ಬಾಗಿಲಿನಿಂದಲೇ ಒಳಗೆ ಹೋಗಿ ಅವಳ ಪಕ್ಕ ನಿಂತ.

"ಎರಡು ಕಿಟಕಿ?" ಎಂದ ಮೆಲ್ಲಗೆ.

"ಒಂದು ನೀವು ತಡ ಮಾಡಿದ್ದಕ್ಕೆ ಬಡ್ಡಿ," ಎಂದಳು ಅವಳು, ನಗು ಅದುಮಿಕೊಂಡು.

ಅಂಗಳದವಳು ಹೂಗಳನ್ನು ಹೊತ್ತು ಕೊನೆಯ ಸಲ ಆ ಮನೆಯಿಂದ ಹೊರಟಳು. ಸುಣ್ಣದ ಕಿಟಕಿಯ ನೇರಕ್ಕೆ ನಿಂತು ಇಬ್ಬರೂ ನೋಡಿದರು. ಬೀದಿಯ ಕೊನೆಯಲ್ಲಿ ಅವಳು ಒಮ್ಮೆ ತಡೆದಳು, ಕೆಮ್ಮಿದಳು. ಅವನ ಕಾಲು ತಾನಾಗಿ ಓಡಲು ಎದ್ದಿತು. ಹೆಂಡತಿ ತೋಳು ಹಿಡಿದುಕೊಂಡಳು.

"ನೋಡ್ರೀ," ಎಂದಳು, "ಏರ್ತಾ ಇದೆ."

ಸಸಿಗಳು ತಲೆದೂಗುತ್ತಾ ದಿಬ್ಬ ಏರಿದವು, ಆಚೆ ಇಳಿದವು.